ಸರಳಿನ ಮೇಲೆ ನಿಂತ ಕಾರ್ಡು: ಗ್ರಂಥಾಲಯ ಜಾಲತಾಣದ ತಪಾಸಣೆ ಬೆಳೆದುಬಂದ ಬಗೆ

ಪುಸ್ತಕದ ವಿವರ ಬರೆದ ಕ್ಯಾಟಲಾಗ್ ಕಾರ್ಡುಗಳು ಮರದ ಖಾನೆಗಳಲ್ಲಿದ್ದ ಕಾಲದಲ್ಲಿ ಗ್ರಂಥಾಲಯಗಳಲ್ಲೊಂದು ರೂಢಿಯಿತ್ತು. ಖಾನೆಯ ತಳದಲ್ಲಿ ಉದ್ದಕ್ಕೆ ಒಂದು ಲೋಹದ ಸರಳು. ಪ್ರತಿ ಕಾರ್ಡಿನ ಕೆಳತೂತಿನೊಳಗೆ ಅದು ಹಾದುಹೋಗುತ್ತಿತ್ತು. ಹೊಸ ಕಾರ್ಡು ಸೇರಿಸುವ ನೌಕರ ಅದನ್ನು ಸರಳಿಗೆ ಪೋಣಿಸುತ್ತಿರಲಿಲ್ಲ. ತನಗೆ ಸರಿಯೆನಿಸಿದ ಜಾಗದಲ್ಲಿ ಸರಳಿನ ಮೇಲೆ ನಿಲ್ಲಿಸಿ ಹೋಗುತ್ತಿದ್ದ. ಅಕ್ಕಪಕ್ಕದವುಗಳಿಗಿಂತ ಆ ಕಾರ್ಡು ತುಸು ತಲೆಯೆತ್ತಿ ಕಾಣುತ್ತಿತ್ತು. ಆಮೇಲೆ ಅನುಭವಿಯೊಬ್ಬರು ಬಂದು ಅಕ್ಷರಾನುಕ್ರಮ ನೋಡಿ, ತಪ್ಪಿದ್ದರೆ ತಿದ್ದಿ, ಸರಳು ಎಳೆದು ಕಾರ್ಡನ್ನು ಕೆಳಗಿಳಿಸುತ್ತಿದ್ದರು. ಎರಡನೆಯವರ ಕಣ್ಣು ಬೀಳದೆ ಯಾವ ಕಾರ್ಡೂ ಖಾಯಂ ಆಗುತ್ತಿರಲಿಲ್ಲ.

ಇಷ್ಟು ಕಟ್ಟುನಿಟ್ಟು ಯಾಕೆಂದರೆ, ತಪ್ಪು ಜಾಗದಲ್ಲಿ ಕೂತ ಕಾರ್ಡು ಎಂದರೆ ಕಳೆದುಹೋದ ಪುಸ್ತಕ. ಪುಸ್ತಕ ಕಪಾಟಿನಲ್ಲೇ ಇರುತ್ತದೆ, ಕೇಳಿ ಬಂದವರಿಗೆ ಸಿಗುವುದಿಲ್ಲ. ಲೇಖಕ, ಶೀರ್ಷಿಕೆ, ವಿಷಯ ಇವುಗಳಲ್ಲಿ ಒಂದು ಗೊತ್ತಿದ್ದರೂ ಓದುಗನಿಗೆ ಪುಸ್ತಕ ಸಿಗಬೇಕು ಎಂದು 1876ರಲ್ಲೇ ಅಮೆರಿಕದ ಗ್ರಂಥಪಾಲಕ ಚಾರ್ಲ್ಸ್ ಕಟರ್ ಕ್ಯಾಟಲಾಗಿನ ಗುರಿಯನ್ನು ಬರೆದಿಟ್ಟಿದ್ದರು. ಓದುಗನ ಸಮಯ ಉಳಿಸು ಎಂಬುದು 1931ರಲ್ಲಿ ಭಾರತದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು. ಇಂದು ಗ್ರಂಥಾಲಯದ ಜಾಲತಾಣವನ್ನು ಅಳೆಯಲು ಕೂತವರು ಕೊನೆಗೂ ಬಂದು ನಿಲ್ಲುವುದು ಈ ಎರಡು ಮಾತುಗಳ ಎದುರಿಗೇ.

ಕಾರ್ಡು ಕಂಪ್ಯೂಟರಿಗೆ ಹೋದಾಗ ತಪಾಸಣೆಯೂ ಜೊತೆಗೇ ಹೋಯಿತು. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಅವ್ರಾಮ್ ಮುಂದಾಳತ್ವದಲ್ಲಿ ರೂಪುಗೊಂಡ ಮಾರ್ಕ್ ವಿನ್ಯಾಸ ಪ್ರತಿ ದಾಖಲೆಯನ್ನೂ ಯಂತ್ರ ಓದಬಲ್ಲ ಕ್ಷೇತ್ರಗಳಾಗಿ ಒಡೆಯಿತು. 1971ರಲ್ಲಿ ಗ್ರಂಥಾಲಯಗಳ ಸಹಕಾರಿ ಸಂಸ್ಥೆಯಾದ ಒಸಿಎಲ್‌ಸಿಯ ಹಂಚಿಕೆಯ ಕ್ಯಾಟಲಾಗಿಂಗ್ ಆರಂಭವಾದ ಮೇಲೆ ಒಬ್ಬರು ಮಾಡಿದ ದಾಖಲೆ ನೂರು ಕಡೆ ಬಳಕೆಗೆ ಬಂತು, ಒಬ್ಬರ ತಪ್ಪೂ ಅಷ್ಟೇ ದೂರ ಹರಡಿತು. ಆದರೆ ಆಗಲೂ ಗುಣಮಟ್ಟ ಎಂದರೆ ದಾಖಲೆ ಸರಿಯಿದೆಯೇ ಎಂಬುದಷ್ಟೇ.

ಆ ನಂಬಿಕೆಯನ್ನು ಅಲುಗಾಡಿಸಿದವರಲ್ಲಿ ಅಮೆರಿಕದ ಮಾಹಿತಿ ವಿಜ್ಞಾನಿ ಕ್ರಿಸ್ಟಿನ್ ಬೋರ್ಗ್‌ಮನ್ ಮುಖ್ಯರು. ಆನ್‌ಲೈನ್ ಕ್ಯಾಟಲಾಗ್ ಬಳಸುವುದು ಯಾಕಿಷ್ಟು ಕಷ್ಟ ಎಂದು 1986ರಲ್ಲಿ ಅವರು ಲೇಖನ ಬರೆದರು. ಹತ್ತು ವರ್ಷ ಕಳೆದು, 1996ರಲ್ಲಿ, ಇನ್ನೂ ಯಾಕೆ ಕಷ್ಟವಾಗಿಯೇ ಇದೆ ಎಂದು ಮತ್ತೆ ಬರೆದರು. ದಾಖಲೆಯಲ್ಲಿ ಒಂದು ತಪ್ಪಿಲ್ಲದಿದ್ದರೂ ಓದುಗ ಬರಿಗೈಯಲ್ಲಿ ಮರಳಬಹುದು. ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ನಿಜವಾದ ತಿರುವು ಇದೇ.

ಆ ಹೊತ್ತಿಗೆ ವೆಬ್ ಬಂದಾಗಿತ್ತು. ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಸಂಕೇತ ಗೊತ್ತಿದ್ದ ಯಾರೋ ಒಬ್ಬರು ಪುಟ ಮಾಡಿದರು, ಅದು ಆ ಕ್ಷಣವೇ ಲೋಕಕ್ಕೆ ತೆರೆದುಕೊಂಡಿತು. ಖಾನೆಯಲ್ಲಿದ್ದ ಸರಳು ಇಲ್ಲಿರಲಿಲ್ಲ. ಒಂದೊಂದು ವಿಭಾಗವೂ ತನ್ನ ಪುಟ ಸೇರಿಸುತ್ತ ಹೋಯಿತು. ಮೆನು ನೋಡಿದರೆ ಗ್ರಂಥಾಲಯದ ಒಳ ಆಡಳಿತದ ನಕ್ಷೆ ನೋಡಿದಂತೆ: ರೆಫರೆನ್ಸ್, ಪೀರಿಯಾಡಿಕಲ್ಸ್, ಸರ್ಕ್ಯುಲೇಶನ್. ಜಾನ್ ಕುಪರ್‌ಸ್ಮಿತ್ ಎಂಬ ಗ್ರಂಥಪಾಲಕರು ಹಲವಾರು ಗ್ರಂಥಾಲಯಗಳ ಬಳಕೆ ಪರೀಕ್ಷೆಗಳನ್ನು ವರ್ಷಗಟ್ಟಲೆ ಕಲೆಹಾಕಿ ನೋಡಿದಾಗ ಡೇಟಾಬೇಸ್, ಇಂಡೆಕ್ಸ್, ಅಂತರ ಗ್ರಂಥಾಲಯ ಎರವಲು, ರಿಸೋರ್ಸಸ್‌ನಂಥ ಪದಗಳು ಓದುಗರನ್ನು ಮತ್ತೆ ಮತ್ತೆ ಎಡವಿಸಿದ್ದು ಕಂಡುಬಂತು. ನಿಯತಕಾಲಿಕದ ಲೇಖನ ಹುಡುಕುವ ಕೆಲಸದಲ್ಲಿ ಸರಾಸರಿ ಗೆಲ್ಲುತ್ತಿದ್ದವರು ಅರ್ಧದಷ್ಟು ಮಂದಿ. ಗ್ರಂಥಪಾಲಕರಿಗೆ ಇವು ದಿನಬೆಳಗಾದರೆ ಆಡುವ ಮಾತುಗಳು. ಆದ್ದರಿಂದಲೇ ಅವರಷ್ಟೇ ಕೂತು ಪರಿಶೀಲಿಸಿದರೆ ಈ ದೋಷ ಎಷ್ಟು ಸಲ ನೋಡಿದರೂ ಕಣ್ಣಿಗೆ ಬೀಳುವುದಿಲ್ಲ.

ಹಾಗಾದರೆ ಓದುಗನನ್ನೇ ಕೂರಿಸಿ ನೋಡಬೇಕು. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ ಎಂಬ ಧೈರ್ಯ ಬಂದದ್ದು ಜಾಲತಾಣಗಳ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ ಅವರಿಂದ. ಐದು ಮಂದಿಯೊಂದಿಗೆ ಪರೀಕ್ಷಿಸಿದರೆ ಬಳಕೆಯ ತೊಡಕುಗಳಲ್ಲಿ ಸುಮಾರು ಶೇ. 85ರಷ್ಟು ಹೊರಬೀಳುತ್ತವೆ ಎಂದು 2000ದಲ್ಲಿ ಅವರು ವಾದಿಸಿದರು. ಆ ಅಂಕಿಯ ಬಗ್ಗೆ ತಕರಾರುಗಳಿವೆ. ಆದರೆ ಅವರ ಸಲಹೆಯ ತಿರುಳು ಬೇರೆ: ಒಂದೇ ಸಲಕ್ಕೆ ಹದಿನೈದು ಮಂದಿಯನ್ನು ಕರೆಯಬೇಡಿ, ಐವರನ್ನು ನೋಡಿ, ತಿದ್ದಿ, ಮತ್ತೆ ಐವರನ್ನು ಕರೆಯಿರಿ. ಪರೀಕ್ಷೆಯಲ್ಲಿ ಕೆಲಸ ಕೊಡುವ ರೀತಿಯೂ ಮುಖ್ಯ. ‘ಡೇಟಾಬೇಸ್ ಪುಟಕ್ಕೆ ಹೋಗಿ’ ಎಂದರೆ ಉತ್ತರವನ್ನು ನಾವೇ ಹೇಳಿಕೊಟ್ಟ ಹಾಗೆ. ‘ಮಕ್ಕಳ ನಿದ್ರೆಯ ಬಗ್ಗೆ ಈಚಿನ ಸಂಶೋಧನಾ ಲೇಖನ ಒಂದನ್ನು ಹುಡುಕಿ’ ಎಂದು ಹೇಳಿ ಸುಮ್ಮನೆ ಕೂರಬೇಕು. ಬಾಯಿ ಬಿಟ್ಟು ನೆರವಾಗದೆ ಇರುವುದೇ ಅಲ್ಲಿ ಅತಿ ಕಷ್ಟದ ಕೆಲಸ.

2000ದಲ್ಲೇ ಅಮೆರಿಕದ ಸಂಶೋಧನಾ ಗ್ರಂಥಾಲಯಗಳ ಸಂಘ ಮತ್ತು ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ಸೇರಿ, ಗ್ರಂಥಾಲಯ ಸೇವೆಯ ಗುಣಮಟ್ಟ ಅಳೆಯುವ ಲಿಬ್‌ಕ್ವಾಲ್ ಸಮೀಕ್ಷೆಯನ್ನು ಪ್ರಯೋಗಕ್ಕಿಳಿಸಿದವು. ಓದುಗರು ಕನಿಷ್ಠ ನಿರೀಕ್ಷೆ, ಬಯಕೆ, ವಾಸ್ತವ ಎಂದು ಮೂರು ಅಂಕ ಕೊಡುವ ಈ ಪಟ್ಟಿಯಲ್ಲಿ, ಯಾರ ನೆರವೂ ಇಲ್ಲದೆ ಮಾಹಿತಿ ಹುಡುಕಿಕೊಳ್ಳಲು ಜಾಲತಾಣ ಅನುವಾಗಿದೆಯೇ ಎಂಬುದಕ್ಕೂ ಸ್ಥಾನ ಸಿಕ್ಕಿತು. ಆದರೆ ಇಂಥ ಸಮೀಕ್ಷೆ ಹೆಚ್ಚಾಗಿ ಹೇಳುವುದು ಜಾಲತಾಣಕ್ಕೆ ಬಂದವರ ಅನುಭವವನ್ನು. ಮಾಹಿತಿ ಹುಡುಕಾಟವನ್ನು ಗ್ರಂಥಾಲಯದ ಜಾಲತಾಣದಿಂದ ಆರಂಭಿಸುವವರು ಶೇ. 1ರಷ್ಟು ಮಾತ್ರ ಎಂದು 2005ರಲ್ಲಿ ಒಸಿಎಲ್‌ಸಿ ವರದಿ ಹೇಳಿತು. ಸರ್ಚ್ ಎಂಜಿನ್‌ನಿಂದ ಆರಂಭಿಸುವವರು ಶೇ. 84. ಮುಖಪುಟವನ್ನಷ್ಟೇ ತಿದ್ದಿ ತೀಡಿ ಸಿಂಗರಿಸುವುದು ಅಲ್ಲಿಂದಾಚೆ ಅರ್ಥ ಕಳೆದುಕೊಂಡಿತು. ಓದುಗ ಯಾವ ಒಳಪುಟಕ್ಕೆ ಬೇಕಾದರೂ ನೇರವಾಗಿ ಬಂದಿಳಿಯಬಹುದು.

ಒಳಪುಟಗಳಲ್ಲಿ ಮೊದಲು ಹಾಳಾಗುವುದು ಕೊಂಡಿಗಳು, ಅಂದರೆ ಲಿಂಕುಗಳು. 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದ ಬಳಿಕ ಸಿಗದಾಗಿದ್ದವು ಎಂದು ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ತಿಳಿಸಿತು. ಕೊಂಡಿ ಪರೀಕ್ಷಿಸುವ ತಂತ್ರಾಂಶ ಸತ್ತ ಕೊಂಡಿಯನ್ನು ಹಿಡಿದುಕೊಡುತ್ತದೆ. ಬದುಕಿದ್ದೂ ಬೇರೇನನ್ನೋ ತೋರಿಸುವ ಕೊಂಡಿಯನ್ನು ಮನುಷ್ಯರೇ ತೆರೆದು ನೋಡಬೇಕು. 2007ರಲ್ಲಿ ಬಂದ ಲಿಬ್‌ಗೈಡ್ಸ್‌ನಂಥ ಸಾಧನಗಳಿಂದ ಪ್ರತಿ ಗ್ರಂಥಪಾಲಕರೂ ವಿಷಯವಾರು ಕೈಪಿಡಿ ಮಾಡಬಲ್ಲವರಾದರು. ಅದು ಒಳ್ಳೆಯದೇ. ಆದರೆ ಮಾಡಿದವರು ಕೆಲಸ ಬಿಟ್ಟು ಹೋದ ಮೇಲೂ ಪುಟ ಉಳಿಯುತ್ತದೆ, ನಿಂತುಹೋದ ಚಂದಾ, ಬದಲಾದ ವೇಳಾಪಟ್ಟಿ ಸಮೇತ. ಅದಕ್ಕೇ ಪ್ರತಿ ಪುಟಕ್ಕೂ ಒಬ್ಬ ಹೊಣೆಗಾರ ಮತ್ತು ಮರುಪರಿಶೀಲನೆಯ ದಿನಾಂಕ ಇರಲೇಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಹೊಣೆಗಾರರು ಸಿಗದಿದ್ದರೆ ಆ ಪುಟ ತೆಗೆಯುವುದೇ ಮೇಲು.

ಜಾಲತಾಣ ಅಂಗವಿಕಲರೂ ಸೇರಿ ಎಲ್ಲರಿಗೂ ಎಟಕುವಂತಿರಬೇಕೆಂಬ ನಿಯಮಗಳು ವೆಬ್‌ನ ಮಾನದಂಡಗಳನ್ನು ರೂಪಿಸುವ ವಿಶ್ವ ಒಕ್ಕೂಟದಿಂದ 1999ರಲ್ಲಿ ಬಂದವು, 2008, 2018 ಮತ್ತು 2023ರಲ್ಲಿ ಪರಿಷ್ಕೃತವಾದವು. ಬಣ್ಣಗಳ ವ್ಯತ್ಯಾಸ ಸಾಲದು, ಚಿತ್ರಕ್ಕೆ ವಿವರಣೆ ಇಲ್ಲ ಎಂಬುದನ್ನು ಯಂತ್ರ ಹೇಳುತ್ತದೆ. ಆ ವಿವರಣೆಯಿಂದ ಚಿತ್ರ ಅರ್ಥವಾಗುತ್ತದೆಯೇ ಎಂದು ಅದು ಹೇಳಲಾರದು. ಗ್ರಂಥಾಲಯಗಳಿಗಂತೂ ಇನ್ನೊಂದು ಹೊರೆಯಿದೆ: ಬರಿಯ ಚಿತ್ರವಾಗಿ ಸ್ಕ್ಯಾನ್ ಮಾಡಿಟ್ಟ ರಾಶಿ ರಾಶಿ ಹಳೆಯ ಪುಟಗಳು. ಕಣ್ಣು ಕಾಣದ ಓದುಗರಿಗೆ ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಅವುಗಳ ಮುಂದೆ ಮೂಕವಾಗುತ್ತದೆ.

ಈಗ ಉಳಿದಿರುವ ದೊಡ್ಡ ತೊಡಕು ಗ್ರಂಥಾಲಯದ ಹೊಸ್ತಿಲಾಚೆಗಿನದು. ಲಾಗಿನ್ ಒಂದು ಕಂಪನಿಯದು, ಹುಡುಕಾಟ ಇನ್ನೊಂದರದು, ಇ-ಪುಸ್ತಕದ ರೀಡರ್ ಮತ್ತೊಂದರದು. ಓದುಗನಿಗೆ ಇವೆಲ್ಲ ಒಂದೇ ಗ್ರಂಥಾಲಯ. ಎಲ್ಲಿ ಎಡವಿದರೂ ಅವನು ದೂರುವುದು ಗ್ರಂಥಾಲಯವನ್ನೇ, ಅದು ಸರಿಯೂ ಹೌದು. ಕಂಪನಿಗಳು ತಮ್ಮ ಉತ್ಪನ್ನ ಎಷ್ಟು ಎಟಕುವಂತಿದೆ ಎಂದು ತಾವೇ ತುಂಬಿ ಕೊಡುವ ವರದಿಯನ್ನು ನಂಬಿ ಕೂರದೆ, ಕೆಲವು ಗ್ರಂಥಾಲಯಗಳು ಪ್ರಾಯೋಗಿಕ ಬಳಕೆಯ ಅವಧಿಯಲ್ಲೇ ಮೌಸ್ ಬದಿಗಿಟ್ಟು ಕೀಬೋರ್ಡಿನಿಂದಷ್ಟೇ ಒಂದು ಅಧ್ಯಾಯ ತೆರೆಯಲು ನೋಡುತ್ತವೆ. ಕಂಡ ದೋಷಗಳನ್ನೂ ಅವನ್ನು ಸರಿಪಡಿಸಬೇಕಾದ ಗಡುವನ್ನೂ ಚಂದಾ ಒಪ್ಪಂದದಲ್ಲೇ ಬರೆಸಿ, ಆಮೇಲೆ ಸಹಿ ಹಾಕುತ್ತವೆ.