ಆಟಿಕೆಯ ಸಿನಿಮಾಕ್ಕೆ ಕಥೆ ಯಾಕೆ ಬೇಕು?

ಪ್ರಶ್ನೆ: ಮಗನ ಜೊತೆ ಕೂತು, ಕಾರುಗಳು ರೋಬೋಟ್ ಆಗುವ ಆ ಟ್ರಾನ್ಸ್‌ಫಾರ್ಮರ್ಸ್ ಸಿನಿಮಾ ನೋಡಿದೆ. ಕಥೆ ನನ್ನ ತಲೆಗೆ ಹೋಗಲಿಲ್ಲ. ಅವನು ಮಾತ್ರ ‘ಫೈಟ್ ಸೂಪರ್ ಇತ್ತು ಪಪ್ಪ’ ಅಂದ. ಆಟಿಕೆಯ ಮೇಲೆ ಮಾಡಿದ ಸಿನಿಮಾಕ್ಕೆ ಅಷ್ಟು ಸಾಲದಾ? ಒಳ್ಳೆಯ ಕಥೆಯೂ ಬೇಕಾ? (ಮಂಗಳೂರಿನ ಓದುಗರೊಬ್ಬರು)

ಉತ್ತರ: ಹತ್ತು ನಿಮಿಷಕ್ಕಾದರೆ ಫೈಟ್ ಸಾಕು. ಎರಡೂವರೆ ಗಂಟೆಗೆ ಸಾಲದು.

ಇದು ಕರಾವಳಿಯ ನಮಗೆ ಗೊತ್ತಿಲ್ಲದ ವಿಷಯ ಅಲ್ಲ. ಉಡುಪಿಯಲ್ಲಿ ಕೃಷ್ಣಾಷ್ಟಮಿಯ ಮರುದಿನ, ವಿಟ್ಲಪಿಂಡಿಯಂದು, ಹುಲಿವೇಷ ನೋಡಿದ್ದೀರಲ್ಲ? ತಾಸೆಯ ಪೆಟ್ಟು ಕೇಳಿದರೆ ಸಾಕು, ಬದಿಯಲ್ಲಿ ನಿಂತವರ ಕಾಲೂ ಕುಣಿಯುತ್ತದೆ. ಈ ಹುಲಿ ಎಲ್ಲಿಂದ ಬಂತು, ಇದಕ್ಕೆ ಯಾರ ಮೇಲೆ ಸಿಟ್ಟು ಎಂದು ಯಾರೂ ಕೇಳುವುದಿಲ್ಲ. ಬಣ್ಣ, ಹೆಜ್ಜೆ, ಸದ್ದು, ಅಷ್ಟೇ. ಆದರೆ ತಂಡ ಒಂದೇ ಕಡೆ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತು ಕುಣಿದು ಮುಂದಿನ ಅಂಗಡಿಗೆ ಹೋಗುತ್ತದೆ. ಅದೇ ಹುಲಿ ಅದೇ ಜಾಗದಲ್ಲಿ ಮೂರು ಗಂಟೆ ಕುಣಿದರೆ ನಾವು ನಿಲ್ಲುತ್ತೇವಾ?

ಈಗ ಯಕ್ಷಗಾನಕ್ಕೆ ಬನ್ನಿ. ದೇವಿ ಮಹಾತ್ಮೆ ಆಟದಲ್ಲಿ ಮಹಿಷಾಸುರ ಬರುವ ಹೊತ್ತು ನೆನಪು ಮಾಡಿಕೊಳ್ಳಿ. ನಿದ್ದೆ ತೂಗುತ್ತಿದ್ದವರೂ ಎದ್ದು ಕೂರುತ್ತಾರೆ. ದೂರದಿಂದ ದೊಂದಿಯ ಬೆಂಕಿ, ಅಬ್ಬರ, ಜನರ ನಡುವೆಯೇ ನುಗ್ಗಿ ಬರುವ ಆ ದೊಡ್ಡ ಕೋಡು. ಮಕ್ಕಳು ಅಮ್ಮನ ಸೆರಗಿನ ಹಿಂದೆ. ಯಾವ ಗ್ರಾಫಿಕ್ಸೂ ಇಲ್ಲದೆ ಇಷ್ಟು ದೊಡ್ಡ ಆಕ್ಷನ್ ದೃಶ್ಯ ನಾನು ಬೇರೆಲ್ಲೂ ನೋಡಿಲ್ಲ. ಆದರೆ ರಂಗಸ್ಥಳಕ್ಕೆ ಬಂದ ಮೇಲೆ ಆ ಮಹಿಷ ಏನು ಮಾಡುತ್ತಾನೆ? ತಾಯಿ ಮಾಲಿನಿಯ ಹತ್ತಿರ ಮಾತಾಡುತ್ತಾನೆ. ನಮ್ಮವರಿಗೆ ಏನಾಯಿತು ಎಂದು ಕೇಳುತ್ತಾನೆ. ಅಲ್ಲಿಗೆ ಅವನು ಬರೀ ವೇಷ ಅಲ್ಲ, ಒಬ್ಬ ಮಗ. ಆಮೇಲೆ ಅವನು ದೇವಿಯ ಎದುರು ನಿಂತಾಗ ಸೋಲುತ್ತಾನೆ ಎಂದು ಗೊತ್ತಿದ್ದೂ ನಾವು ಬೆಳಗಿನವರೆಗೆ ಕೂರುತ್ತೇವೆ.

ನಾನು ಒಳ್ಳೆಯ ಕಥೆ ಅನ್ನುವುದು ಇದಕ್ಕೇ. ತಿರುವು ಜಾಸ್ತಿ ಇರಬೇಕಿಲ್ಲ. ಇವನಿಗೆ ಏನು ಬೇಕು, ಅದು ಸಿಗದಿದ್ದರೆ ಏನು ಹೋಗುತ್ತದೆ ಎಂಬುದು ಆರು ವರ್ಷದ ಮಗುವಿಗೂ ತಿಳಿದರೆ ಸಾಕು. ನಿಮಗೆ ಕಥೆ ಅರ್ಥವಾಗಲಿಲ್ಲ ಅಂದರೆ ತಪ್ಪು ನಿಮ್ಮದಲ್ಲ.

ಇನ್ನು ಆ ಆಟಿಕೆಗಳ ಹುಟ್ಟು ನೋಡಿ. ಟ್ರಾನ್ಸ್‌ಫಾರ್ಮರ್ಸ್ ಆಟಿಕೆಗಳು ಮೊದಲು ಜಪಾನಿನ ಟಕಾರಾ ಕಂಪನಿಯವು. ಕಾರು ರೋಬೋಟ್ ಆಗುತ್ತಿತ್ತು, ರೋಬೋಟ್ ಕಾರಾಗುತ್ತಿತ್ತು. ಆದರೆ ಈಗ ನಮಗೆ ಗೊತ್ತಿರುವ ಹೆಸರು, ಜಗಳ, ಸ್ವಭಾವ ಯಾವುದೂ ಅವಕ್ಕೆ ಇರಲಿಲ್ಲ. ಅಮೆರಿಕದ ಆಟಿಕೆ ಕಂಪನಿ ಹ್ಯಾಸ್‌ಬ್ರೋ ಅವನ್ನು 1984ರಲ್ಲಿ ಹೊಸ ಹೆಸರಿನಲ್ಲಿ ಮಾರಲು ಹೊರಟಾಗ ಮೊದಲು ಹೋದದ್ದು ಮಾರ್ವೆಲ್ ಕಾಮಿಕ್ಸ್‌ನವರ ಹತ್ತಿರ. ಅಲ್ಲಿನ ಬಾಬ್ ಬುಡಿಯಾನ್ಸ್ಕಿ ಹೆಚ್ಚಿನ ರೋಬೋಟ್‌ಗಳಿಗೆ ಹೆಸರಿಟ್ಟರು, ಒಬ್ಬೊಬ್ಬನ ಗುಣವನ್ನೂ ಬರೆದರು. ಒಳ್ಳೆಯ ರೋಬೋಟ್‌ಗಳ ನಾಯಕ ಆಪ್ಟಿಮಸ್ ಪ್ರೈಮ್‌ನ ಹೆಸರು ಮಾತ್ರ ಇನ್ನೊಬ್ಬ ಬರಹಗಾರ ಡೆನಿಸ್ ಓ’ನೀಲ್ ಅವರದ್ದು. ಬುಡಿಯಾನ್ಸ್ಕಿ ಬರೆದ ಪರಿಚಯ ಆಟಿಕೆಯ ಡಬ್ಬದ ಹಿಂದೆ ಚಿಕ್ಕದಾಗಿ ಅಚ್ಚಾಗಿ ಬರುತ್ತಿತ್ತು. ಅಂದರೆ ಪ್ಲಾಸ್ಟಿಕ್ ತುಂಡನ್ನು ಮಾರುವುದಕ್ಕೇ ಕಥೆ ಬೇಕಾಗಿತ್ತು. ಸಿನಿಮಾಕ್ಕೆ ಬೇಡ ಅಂದರೆ ಹೇಗೆ?

ಕಥೆಯನ್ನು ಹಗುರಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದು 1986ರಲ್ಲೇ ಗೊತ್ತಾಯಿತು. ಆ ವರ್ಷ ಬಂದ ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನ್ ಸಿನಿಮಾದಲ್ಲಿ ಆಪ್ಟಿಮಸ್ ಪ್ರೈಮ್‌ನನ್ನು ಸಾಯಿಸಿದರು. ಕಾರಣ ಸರಳ: ಹಳೆಯ ಆಟಿಕೆ ಅಂಗಡಿಯಿಂದ ಹೋಗಬೇಕು, ಹೊಸದು ಬರಬೇಕು. ಕಂಪನಿಗೆ ಅವನು ಸರಕು. ಮಕ್ಕಳಿಗೆ ಹಾಗಿರಲಿಲ್ಲ. ಥಿಯೇಟರ್‌ನಲ್ಲೇ ಅತ್ತರು. ಸಿಟ್ಟಾದ ಮಂದಿ ಪತ್ರ ಬರೆದರು. 1987ರಲ್ಲಿ ಟಿವಿ ಕಾರ್ಟೂನಿನಲ್ಲಿ ಅವನನ್ನು ಮತ್ತೆ ಬದುಕಿಸಬೇಕಾಯಿತು. ಹ್ಯಾಸ್‌ಬ್ರೋದ ಇನ್ನೊಂದು ಆಟಿಕೆ ಜಿ.ಐ. ಜೋ, ಸೈನಿಕರ ಗೊಂಬೆಗಳು. ಅದರ ಸಿನಿಮಾದಲ್ಲೂ ಒಬ್ಬ ನಾಯಕ ಸಾಯುವುದಿತ್ತು. ಹೆದರಿ ಅವನನ್ನು ಕೋಮಾಕ್ಕೆ ಕಳಿಸಿದರು. ನನಗೆ ಆ ಮಕ್ಕಳ ಮೇಲೆ ತುಂಬಾ ಗೌರವ ಇದೆ. ಕಥೆ ಎಂದರೆ ಏನು ಎಂಬುದು ದೊಡ್ಡವರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

ದುಡ್ಡಿನ ಮಾತು ಬೇರೆ, ಅದನ್ನೂ ಹೇಳಬೇಕು. ಮೈಕೆಲ್ ಬೇ ನಿರ್ದೇಶಿಸಿದ 2011 ಮತ್ತು 2014ರ ಟ್ರಾನ್ಸ್‌ಫಾರ್ಮರ್ಸ್ ಸಿನಿಮಾಗಳು ಪ್ರಪಂಚದಲ್ಲೆಲ್ಲ ಸೇರಿ ತಲಾ 110 ಕೋಟಿ ಡಾಲರ್ ದಾಟಿದವು. ಅವುಗಳ ಕಥೆಯನ್ನು ಹೊಗಳಿದವರು ಕಡಿಮೆ. 2017ರ ಸಿನಿಮಾದ ಗಳಿಕೆ ಸುಮಾರು 60 ಕೋಟಿಗೆ ಇಳಿಯಿತು. ಅದೇ ಸರಣಿಯ 2018ರ ‘ಬಂಬಲ್‌ಬೀ’ಯನ್ನು ವಿಮರ್ಶಕರು ಮೆಚ್ಚಿದರು, ಆದರೂ ಅದರ ಗಳಿಕೆ 46 ಕೋಟಿಯ ಆಸುಪಾಸು. ಹಾಗಾಗಿ ಒಳ್ಳೆಯ ಕಥೆ ಇದ್ದರೆ ದುಡ್ಡು ಬಂದೇ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಒಂದು ಸಲ ಬೇಸರವಾಗಿ ಎದ್ದು ಹೋದವರು ಮುಂದಿನ ಸಲ ಒಳ್ಳೆಯದು ಕೊಟ್ಟರೂ ಬೇಗ ವಾಪಸ್ ಬರುವುದಿಲ್ಲ, ನನಗೆ ಕಾಣುವುದು ಇಷ್ಟು. ಬೋರ್ಡ್ ಗೇಮ್ ಮೇಲೆ ಮಾಡಿದ ‘ಬ್ಯಾಟಲ್‌ಶಿಪ್’ (2012) ಅಂತೂ ಫೈಟನ್ನೇ ನಂಬಿ ಮುಳುಗಿತು. ಇನ್ನೊಂದು ಕಡೆ 2023ರ ‘ಬಾರ್ಬಿ’ ಒಂದು ಗೊಂಬೆಗೆ ಸಾವಿನ ಯೋಚನೆ ಬಂದರೆ ಏನಾಗುತ್ತದೆ ಎಂದು ಕೇಳಿ 140 ಕೋಟಿ ಡಾಲರ್ ದಾಟಿತು. ಅದು ಆಕ್ಷನ್ ಸಿನಿಮಾ ಅಲ್ಲ, ಆದರೆ ಗೊಂಬೆಯನ್ನು ಸುಮ್ನೆ ಕುಣಿಸಲಿಲ್ಲ.

ನಿಮ್ಮ ಮಗನಿಗೆ ‘ಬಂಬಲ್‌ಬೀ’ ತೋರಿಸಿ. ಎರಡು ಗಂಟೆಗಿಂತ ಕಡಿಮೆ. ಅಪ್ಪನನ್ನು ಕಳೆದುಕೊಂಡ ಒಬ್ಬಳು ಹುಡುಗಿ, ಮಾತೂ ನೆನಪೂ ಕಳೆದುಕೊಂಡ ಒಂದು ರೋಬೋಟ್. 1984ರ ಆಟಿಕೆಯಲ್ಲಿ ಇದ್ದ ಹಾಗೆ ಇಲ್ಲಿ ಅವನು ಮತ್ತೆ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರು. ಗ್ಯಾರೇಜಿನಲ್ಲಿ ಅಡಗಿಸಿಟ್ಟಿದ್ದವನು, ಮನೆಯಲ್ಲಿ ಯಾರೂ ಇಲ್ಲದಾಗ ಮೆಲ್ಲ ಒಳಗೆ ಬರುತ್ತಾನೆ. ಒಂದು ವಸ್ತು ಒಡೆಯುತ್ತದೆ. ಸರಿಮಾಡಲು ಹೋದರೆ ಇನ್ನೊಂದು. ಕೊನೆಗೆ ಇಡೀ ಹಾಲ್ ಪುಡಿಪುಡಿ. ಅಲ್ಲಿ ಶತ್ರು ಇಲ್ಲ, ಗುಂಡು ಹಾರುವುದಿಲ್ಲ. ಆಗ ಪರದೆ ಬಿಟ್ಟು ಮಗನ ಮುಖ ನೋಡಿ. ಆಮೇಲೆ ಬರುವ ಫೈಟನ್ನು ಅವನು ಹೇಗೆ ನೋಡುತ್ತಾನೆ ಎಂಬುದನ್ನೂ ಗಮನಿಸಿ, ನನಗೆ ಬರೆದು ತಿಳಿಸಿ.