ವೇಷ, ಮೇಕಪ್, ಸ್ಟೈಲ್: ಪಾತ್ರ ಕಟ್ಟುವವರಿಗೆ ಒಂದಿಷ್ಟು ಟಿಪ್ಪಣಿ

ನಾಟ್ಯಶಾಸ್ತ್ರದ ನಾಲ್ಕು ಅಭಿನಯಗಳು ನಮಗೆಲ್ಲ ಬಾಯಿಪಾಠ: ಆಂಗಿಕ (ಮೈಯಿಂದ), ವಾಚಿಕ (ಮಾತಿನಿಂದ), ಆಹಾರ್ಯ (ವೇಷದಿಂದ), ಸಾತ್ವಿಕ (ಒಳಗಿನ ಭಾವದಿಂದ). ಆದರೆ ಓದುವಾಗ ಆಹಾರ್ಯ ಅಂದರೆ ವೇಷ, ಬಣ್ಣ, ಒಡವೆ ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಡುತ್ತೇವೆ. ಅದು ಬೇರೆಯವರು ಮಾಡಿಕೊಡುವ ಕೆಲಸ, ನಟನದ್ದಲ್ಲ ಅನ್ನುವ ಧೋರಣೆ. ನನಗೆ ಇದು ಒಪ್ಪಿಗೆ ಇಲ್ಲ. ವೇಷ ನೋಡುವವರ ಕಣ್ಣಿಗೆ ಬೀಳುವ ಮೊದಲೇ ನಟನ ಮೈಮೇಲೆ ಕೆಲಸ ಶುರು ಮಾಡಿರುತ್ತದೆ. ಆ ಕೆಲಸವನ್ನು ಬಳಸಿಕೊಳ್ಳುವುದು ಹೇಗೆ ಅನ್ನುವುದೇ ಈ ಟಿಪ್ಪಣಿ.

ಕಾಲಿನಿಂದ ಶುರು ಮಾಡೋಣ. ಹಿಮ್ಮಡಿ ಎತ್ತರದ ಶೂ ಹಾಕಿದರೆ ಮೈಭಾರ ಮುಂದಕ್ಕೆ ಬರುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ. ಅಳತೆಗಿಂತ ದೊಡ್ಡ ಚಪ್ಪಲಿ ಹಾಕಿದರೆ ಬೆರಳು ಬಿಗಿಹಿಡಿದು ಕಾಲೆಳೆಯಲೇಬೇಕು. ಬಿಗಿ ಕಾಲರ್ ಗದ್ದವನ್ನು ಮೇಲೆತ್ತುತ್ತದೆ, ಪಕ್ಕಕ್ಕೆ ನೋಡಬೇಕಾದರೆ ಕತ್ತಿನ ಜೊತೆ ಭುಜವೂ ತಿರುಗುತ್ತದೆ, ಅಷ್ಟಕ್ಕೇ ಮನುಷ್ಯ ಸ್ವಲ್ಪ ಜಂಬದವನ ಹಾಗೆ ಕಾಣುತ್ತಾನೆ! ಸೊಂಟ ಬಿಗಿಯುವ ಕಾರ್ಸೆಟ್ ಹಾಕಿದವಳಿಗೆ ಹೊಟ್ಟೆ ತುಂಬ ಉಸಿರೆಳೆಯಲು ಆಗುವುದಿಲ್ಲ. ಅಂದರೆ ಉದ್ದದ ಮಾತನ್ನು ಎಲ್ಲಿ ತುಂಡು ಮಾಡಬೇಕು ಅನ್ನುವುದೂ ಬದಲಾಗುತ್ತದೆ, ಅಲ್ವಾ? ಮಾತು, ನಡಿಗೆ ಎಲ್ಲ ಗಟ್ಟಿಯಾದ ಮೇಲೆ ಕೊನೆಗೆ ಬಟ್ಟೆ ಹಾಕಿದರೆ ಇಷ್ಟೂ ಹೊಸದಾಗಿ ಕಲಿಯಬೇಕು. ಆದ್ದರಿಂದ ನಿಜವಾದ ವೇಷ ತಯಾರಾಗದಿದ್ದರೂ ಪರವಾಗಿಲ್ಲ, ಅದೇ ತೂಕದ, ಅದೇ ಉದ್ದದ ಯಾವುದೋ ಹಳೇ ಬಟ್ಟೆ ಮತ್ತು ಶೂ ಹಾಕಿಕೊಂಡೇ ತಾಲೀಮು ಶುರು ಮಾಡಿ.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಚಾಪ್ಲಿನ್. ಸವೆದ ಉದಾಹರಣೆಯೇ, ಆದರೂ ಬಿಡಲು ಆಗುವುದಿಲ್ಲ. 1914ರಲ್ಲಿ ಕೀಸ್ಟೋನ್ ಎಂಬ ಸಿನಿಮಾ ಕಂಪನಿಯಲ್ಲಿ ಏನಾದರೂ ತಮಾಷೆಯ ವೇಷ ಹಾಕಿಕೊಂಡು ಬಾ ಅಂದಾಗ ಅವನ ತಲೆಯಲ್ಲಿ ಪಾತ್ರವೇ ಇರಲಿಲ್ಲ. ಜೋಲು ಪ್ಯಾಂಟು, ಬಿಗಿ ಕೋಟು, ಚಿಕ್ಕ ಟೋಪಿ, ದೊಡ್ಡ ಶೂ ಆರಿಸಿಕೊಂಡ. ಎಲ್ಲದರಲ್ಲೂ ಒಂದಕ್ಕೊಂದು ತಾಳೆ ಇರಬಾರದು ಅನ್ನುವುದೇ ಅವನ ಲೆಕ್ಕ. ವಯಸ್ಸು ಜಾಸ್ತಿ ಕಾಣಲಿ, ಆದರೆ ಮುಖದ ಭಾವ ಮುಚ್ಚಿಹೋಗಬಾರದು ಅಂತ ಮೀಸೆಯನ್ನು ಪುಟ್ಟದಾಗಿ ಇಟ್ಟುಕೊಂಡ. ಬಟ್ಟೆ ಹಾಕಿ ಮೇಕಪ್ ಆದಮೇಲೆಯೇ ಆ ಮನುಷ್ಯ ಯಾರು ಅಂತ ತನಗೆ ಗೊತ್ತಾಗತೊಡಗಿತು ಅಂತ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ನಮಗೆ ಇಲ್ಲಿ ಮುಖ್ಯ ಆ ಮೀಸೆ. ವೇಷದ ಪ್ರತಿ ವಸ್ತುವಿಗೂ ಒಂದು ಕಾರಣ ಇರಬೇಕು, ಜೊತೆಗೆ ಅದು ನಟನ ಮುಖಕ್ಕೆ ಅಡ್ಡ ಬರಬಾರದು.

ಇನ್ನೊಂದು ಉದಾಹರಣೆ ಹಾಲಿವುಡ್ ನಟ ಮಾರ್ಲನ್ ಬ್ರಾಂಡೊ. 1972ರಲ್ಲಿ ಬಂದ 'ದಿ ಗಾಡ್‌ಫಾದರ್'ನ ಮುದುಕನ ಪಾತ್ರಕ್ಕೆ ಪರೀಕ್ಷಾ ಚಿತ್ರೀಕರಣ ಮಾಡಿದಾಗ ಅವನೇ ಕೂದಲಿಗೆ ಶೂ ಪಾಲಿಶ್ ಬಳಿದುಕೊಂಡು, ಕೆನ್ನೆಯೊಳಗೆ ಏನೋ ತುರುಕಿಕೊಂಡು ನೋಡಿದ್ದ. ಆಮೇಲೆ ಸಿನಿಮಾಕ್ಕೆ ಡಿಕ್ ಸ್ಮಿತ್ ಎಂಬ ಮೇಕಪ್ ಕಲಾವಿದ ವಯಸ್ಸಾದ ಚರ್ಮ ಮಾಡಿಕೊಟ್ಟ, ಕೆಳದವಡೆ ಉಬ್ಬಿಸಲು ಹಲ್ಲಿಗೆ ಸಿಕ್ಕಿಸುವ ಒಂದು ಸಾಧನ ಬಂತು. ಬಾಯೊಳಗೆ ಹಾಗೊಂದು ಇಟ್ಟುಕೊಂಡರೆ ಮುಖ ಒಂದೇ ಅಲ್ಲ, ಉಚ್ಚಾರವೂ ಬದಲಾಗುತ್ತದೆ. ಆಹಾರ್ಯ, ವಾಚಿಕ ಅಂತ ನಾವು ಬೇರೆಬೇರೆ ಪುಟದಲ್ಲಿ ಬರೆಯುವುದು ಅಲ್ಲಿ ಒಟ್ಟಿಗೇ ನಡೆಯುತ್ತದೆ.

ಪಾತ್ರದ ಸ್ಟೈಲ್

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ, ಹೆಚ್ಚಿನವರು ಬಿಟ್ಟುಬಿಡುವ ಭಾಗವೂ ಹೌದು. ಪಾತ್ರ ಬಡವ, ಹಾಗಾಗಿ ಹರಿದ ಅಂಗಿ. ಪಾತ್ರ ಶ್ರೀಮಂತ, ಹಾಗಾಗಿ ಸೂಟು. ಇಷ್ಟಕ್ಕೇ ನಿಲ್ಲಿಸಿದರೆ ಒಂದು ವರ್ಗ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಆ ಅಂಗಿಯನ್ನು ಅವನೇ ಕೊಂಡನೋ, ಯಾರಾದರೂ ಕೊಟ್ಟರೋ? ಇಸ್ತ್ರಿ ಮಾಡುವವರು ಯಾರು? ಮೊಣಕೈ ಸವೆದಿದೆಯೋ, ಜೇಬು ಜೋತಿದೆಯೋ? ಮೇಜಿನ ಮೇಲೆ ಕೈಯೂರಿ ಬರೆಯುವವನ ತೋಳು ಸವೆಯುವುದೇ ಬೇರೆ, ಭಾರ ಹೊರುವವನ ಭುಜ ಸವೆಯುವುದೇ ಬೇರೆ. ವಸ್ತ್ರವಿನ್ಯಾಸದವರು ಹೊಸ ಬಟ್ಟೆಯನ್ನು ಪದೇಪದೇ ಒಗೆದು, ಮರಳುಕಾಗದದಿಂದ ಉಜ್ಜಿ, ಬಣ್ಣ ಹಾಕಿ ಹಳತು ಮಾಡುತ್ತಾರೆ. ಎಲ್ಲಿ ಉಜ್ಜಬೇಕು ಅಂತ ಅವರಿಗೆ ಹೇಳುವಷ್ಟು ಪಾತ್ರ ನಿಮಗೆ ಗೊತ್ತಿರಬೇಕು.

ಜನ ತಮ್ಮ ಒಳ್ಳೆಯ ದಿನಗಳ ಸ್ಟೈಲನ್ನು ಸುಲಭಕ್ಕೆ ಬಿಡುವುದಿಲ್ಲ, ಗಮನಿಸಿ. ಅರವತ್ತು ದಾಟಿದವನ ಕ್ರಾಪು ಅವನ ಇಪ್ಪತ್ತೈದರ ಕ್ರಾಪೇ ಆಗಿರಬಹುದು. ಬಟ್ಟೆಯಲ್ಲಿ ತೀರಾ ಸಾದಾ ಇರುವ ಹೆಂಗಸು ಉಗುರಿಗೆ ಮಾತ್ರ ತಪ್ಪದೆ ಬಣ್ಣ ಹಚ್ಚಬಹುದು. ಹೀಗೆ ಉಳಿದದ್ದಕ್ಕೆ ಹೊಂದದ ಒಂದೇ ಒಂದು ವಸ್ತು ಸಿಕ್ಕರೆ ಹಿಡಿದುಕೊಳ್ಳಿ. ಒಂದು ಸಾಕು. ಕನ್ನಡಕ, ಕೋಲು, ಉಂಗುರ, ಕೆಮ್ಮು ಎಲ್ಲವನ್ನೂ ಒಬ್ಬನ ಮೇಲೆ ಹೇರಿದರೆ ಪಾತ್ರ ಸಂತೆ ಆಗುತ್ತದೆ.

ನಿಮ್ಮದೇ ಸ್ಟೈಲ್ ನುಸುಳುವುದನ್ನೂ ನೋಡಿಕೊಳ್ಳಿ. ತಿದ್ದಿದ ಹುಬ್ಬು, ಟ್ಯಾಟೂ, ವಾಚು ಕಟ್ಟಿದ ಜಾಗದ ಬಿಳಿ ಗುರುತು, ಮಾತಾಡುವಾಗ ಕೂದಲು ಹಿಂದಕ್ಕೆ ತಳ್ಳುವ ಚಾಳಿ. ಕೊನೆಯದನ್ನು ಯಾವ ಮೇಕಪ್ಪೂ ಮುಚ್ಚುವುದಿಲ್ಲ.

ಮೇಕಪ್

ಮೇಕಪ್ಪಿಗೆ ದೂರ ಮತ್ತು ಬೆಳಕೇ ಅಳತೆ. ರಂಗದ ಮೇಲೆ ಜೋರು ಬೆಳಕು ಮುಖದ ಏರಿಳಿತವನ್ನು ಚಪ್ಪಟೆ ಮಾಡುತ್ತದೆ, ಅದಕ್ಕೇ ಕಣ್ಣು, ಹುಬ್ಬು, ತುಟಿಯ ಗೆರೆ ದಪ್ಪ. ಹಿಂದಿನ ಸಾಲಿನಲ್ಲಿ ಒಬ್ಬರನ್ನು ಕೂರಿಸಿ ಕೇಳಿ, ಕನ್ನಡಿಯನ್ನು ಮಾತ್ರ ನಂಬಬೇಡಿ. ಕ್ಯಾಮೆರಾದ ಕ್ಲೋಸಪ್ಪಿನಲ್ಲಿ ಅದೇ ಗೆರೆ ಕಾರ್ಟೂನ್ ಆಗುತ್ತದೆ. ಒಂದು ಮೋಜಿನ ಸಂಗತಿ: ಮೂಕಿ ಚಿತ್ರಗಳ ಕಾಲದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಬಣ್ಣ ಹಿಡಿಯುತ್ತಿರಲಿಲ್ಲ, ಕೆಂಪು ತುಟಿ ಕಪ್ಪಾಗಿ ಮೂಡುತ್ತಿತ್ತು. ಫಿಲ್ಮ್ ಬದಲಾದಾಗ ಮೇಕಪ್ಪೂ ಬದಲಾಗಬೇಕಾಯಿತು.

ವಯಸ್ಸು ತೋರಿಸುವಾಗ ಎಲ್ಲರೂ ಹಣೆಗೆ ಮೂರು ಅಡ್ಡಗೆರೆ ಎಳೆಯುತ್ತಾರೆ. ಬೇಡ. ಕನ್ನಡಿ ಮುಂದೆ ಹುಬ್ಬು ಗಂಟಿಕ್ಕಿ, ನಗಿ, ಮುಖ ಕಿವುಚಿ. ನಿಮ್ಮ ಚರ್ಮ ಎಲ್ಲಿ ಮಡಿಚುತ್ತದೋ ಅಲ್ಲಿ ನೆರಳು ಹಾಕಿ, ಅದರ ಪಕ್ಕದ ಉಬ್ಬಿಗೆ ತಿಳಿ ಬಣ್ಣ ಕೊಡಿ, ಅಂಚನ್ನು ಬೆರಳಲ್ಲಿ ಕರಗಿಸಿ. ನೆರಳಿನ ಪಕ್ಕ ಬೆಳಕು ಇಲ್ಲದಿದ್ದರೆ ಅದು ಸುಕ್ಕಲ್ಲ, ಕೊಳೆ ಅನಿಸುತ್ತದೆ. ಕತ್ತು, ಕೈ ಮರೆಯಬೇಡಿ. ಮುಖ ಎಪ್ಪತ್ತು, ಕೈ ಇಪ್ಪತ್ತು ಆದರೆ ಲೋಟ ಎತ್ತಿದ ಕೂಡಲೇ ಗುಟ್ಟು ರಟ್ಟು. ಮುಖದ ಆಕಾರ ಬದಲಿಸಲು ಲೇಟೆಕ್ಸ್ (ಒಂದು ಬಗೆಯ ರಬ್ಬರ್), ಸಿಲಿಕೋನ್ ತುಂಡುಗಳನ್ನು ಅಂಟಿಸುವ ಪಾತ್ರವಾದರೆ ಸ್ವಲ್ಪ ಜಾಸ್ತಿ ಅಭಿನಯಿಸಬೇಕಾಗಬಹುದು, ಯಾಕೆಂದರೆ ದಪ್ಪ ಪದರದಡಿ ಸಣ್ಣ ಚಲನೆ ಹೊರಗೆ ಕಾಣುವುದಿಲ್ಲ. ಎಷ್ಟು ಕಾಣುತ್ತದೆ ಅಂತ ಮೊದಲೇ ಫೋನಿನಲ್ಲಿ ವಿಡಿಯೊ ಮಾಡಿ ನೋಡಿಕೊಳ್ಳಿ. ಅಂಟು, ಲೇಟೆಕ್ಸ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಹಿಂದಿನ ದಿನವೇ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಪರೀಕ್ಷಿಸಿ. ತೆಗೆಯುವಾಗ ಕೀಳಬೇಡಿ, ಆಯಾ ಅಂಟಿಗೆ ಅಂತಲೇ ಬರುವ ದ್ರಾವಣ ಬಳಸಿ.

ಸಿನಿಮಾ ಮಾಡುವವರಿಗೆ ಇನ್ನೊಂದು ಮಾತು. ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ಚಿತ್ರೀಕರಿಸುವುದು ಅಪರೂಪ. ಕಂಟಿನ್ಯುಟಿ, ಅಂದರೆ ಒಂದು ದೃಶ್ಯಕ್ಕೂ ಮುಂದಿನದಕ್ಕೂ ವೇಷ ತಾಳೆಯಾಗುತ್ತದೋ ಅಂತ ನೋಡುವವರು ಇದ್ದರೂ, ಪ್ರತಿ ದೃಶ್ಯ ಮುಗಿದಾಗ ತೋಳು ಎಷ್ಟು ಮಡಿಚಿತ್ತು, ಎಷ್ಟು ಗುಂಡಿ ಹಾಕಿತ್ತು, ಕೂದಲು ಯಾವ ಕಡೆ ಬಿದ್ದಿತ್ತು ಅಂತ ಫೋಟೊ ತೆಗೆದು, ದೃಶ್ಯದ ನಂಬರ್ ಬರೆದಿಟ್ಟುಕೊಳ್ಳಿ.