ಮೊಬೈಲಲ್ಲಿ ಗೊತ್ತು, ಬಾಯಲ್ಲಿ ಇಲ್ಲ

ಶಿರಸಿಯ ಹೊರಗೆ ತೋಟದ ಮನೆಯಲ್ಲಿ ಹೋಂಸ್ಟೇ ನಡೆಸುವ ಅಕ್ಕ ಒಬ್ಬರು ನನ್ನ ಸಂಜೆ ಕ್ಲಾಸಿಗೆ ಬಂದ ಮೊದಲ ದಿನವೇ ಫೋನ್ ತೆಗೆದು ತೋರಿಸಿದರು. ಅಡುಗೆಮನೆ, ತರಕಾರಿ, ಬಣ್ಣ, ವಾರದ ದಿನಗಳು ಅಂತ ಒಂದೊಂದು ನಿಮಿಷದ ಇಂಗ್ಲಿಷ್ ವಿಡಿಯೋಗಳು. ಇನ್ನೂರರ ಮೇಲೆ ಸೇವ್ ಮಾಡಿಟ್ಟಿದ್ದರು. "ಎಲ್ಲ ನೋಡಿದ್ದೇನೆ ಮೇಡಂ, ಆದ್ರೆ ಗೆಸ್ಟ್ ಎದುರಿಗೆ ನಿಂತ್ರೆ ಒಂದೂ ನೆನಪಿಗೆ ಬರೂದಿಲ್ಲ" ಅಂದರು.

ಒಂದು ವಿಡಿಯೋ ಹಾಕಿದೆ. ಚಿತ್ರ ಬರುವ ಮೊದಲೇ 'ಲೇಡಲ್' ಅಂದುಬಿಟ್ಟರು. ಫೋನ್ ಬೋರಲು ಹಾಕಿ, ನನ್ನ ಚೀಲದಿಂದ ನಿಜವಾದ ಸೌಟು ತೆಗೆದು ಅವರ ಕೈಗೆ ಕೊಟ್ಟೆ. ಇದಕ್ಕೆ ಏನಂತಾರೆ? ತಿರುಗಿಸಿ ತಿರುಗಿಸಿ ನೋಡಿದರು. "ಸ್ಪೂನ್... ದೊಡ್ಡ ಸ್ಪೂನ್."

ಚಿತ್ರ ಬರುವ ಮೊದಲೇ ಉತ್ತರ ಬಂತಲ್ಲ, ಅಲ್ಲೇ ಇದೆ ಗುಟ್ಟು. ನೈಫ್ ಆದ ಮೇಲೆ ಸ್ಪೂನ್, ಸ್ಪೂನ್ ಆದ ಮೇಲೆ ಲೇಡಲ್ ಎಂಬ ವಿಡಿಯೋದ ಸಾಲು ಅವರಿಗೆ ಬಾಯಿಪಾಠ ಆಗಿತ್ತು. ನೋಡಿದ್ದನ್ನೇ ಮತ್ತೆ ನೋಡಿದಾಗ ಎಲ್ಲ ಗೊತ್ತಿದೆ ಅನ್ನಿಸುತ್ತದೆ, ಅದೊಂದು ಹಿತವಾದ ಮೋಸ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಅವರು ಕೊಟ್ಟದ್ದು ಬಿಡಿ ಶಬ್ದಗಳನ್ನಲ್ಲ, ಓದುವ ಪಾಠವನ್ನು. ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದೆ, ಒಂದು ವಾರ ಬಿಟ್ಟು ಕೇಳಿದರೆ ಪಾಠ ಮುಚ್ಚಿಟ್ಟು ನೆನಪು ಮಾಡಿಕೊಂಡವರು ಮುಂದೆ. ನಮಗೆ ಗೆಸ್ಟ್ ಬರುವುದು ಐದು ನಿಮಿಷಕ್ಕಲ್ಲ, ಮುಂದಿನ ಶನಿವಾರ!

ಹಾಗಾಗಿ ನಾನು ಹೇಳುವುದು ಇಷ್ಟೇ: ದಿನಕ್ಕೆ ಒಂದೇ ವಿಡಿಯೋ ಸಾಕು. ಮೊದಲು ಸೌಂಡ್ ತೆಗೆದು ನೋಡಿ, ನಿಮಗೆ ಬಂದದ್ದನ್ನು ಬಾಯಿ ಬಿಟ್ಟು ಹೇಳಿ, ತಪ್ಪಾದರೂ ಪರವಾಗಿಲ್ಲ. ಆಮೇಲೆ ಸೌಂಡ್ ಹಾಕಿ, ಜಾಸ್ತಿ ಓಟ ಅನ್ನಿಸಿದರೆ ವೇಗ 0.75ಕ್ಕೆ ಇಳಿಸಿ. ಫೋನ್ ಬದಿಗಿಟ್ಟು ಅಡುಗೆಮನೆಗೆ ಹೋಗಿ, ಅದೇ ಸಾಮಾನು ಮುಟ್ಟಿ ಹೆಸರು ಹೇಳಿ. ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ. ಪಾತ್ರೆ ತೊಳೆಯುವಾಗ ಹೇಳಿಕೊಂಡರೆ ಬೇರೆ ಟೈಮೂ ಬೇಡ.

ಒಂದೇ ಜಾತಿಯ ಶಬ್ದಗಳನ್ನು ಒಟ್ಟಿಗೆ ತುಂಬುವ ವಿಡಿಯೋಗಳು ನನಗೆ ಅಷ್ಟು ಸರಿ ಕಾಣುವುದಿಲ್ಲ. ಒಂದನ್ನೊಂದು ಹೋಲುವ ಹೊಸ ಶಬ್ದಗಳು ಒಂದೇ ದಿನ ತಲೆಗೆ ಹೋದರೆ ಒಂದರ ಜಾಗದಲ್ಲಿ ಇನ್ನೊಂದು ಕೂತುಬಿಡುತ್ತದೆ. ಈ ಅಕ್ಕನೇ ಟ್ಯೂಸ್‌ಡೇ, ಥರ್ಸ್‌ಡೇ ಒಟ್ಟಿಗೆ ಕಲಿತು, ಫೋನಲ್ಲಿ ಬುಕಿಂಗ್ ತಗೊಂಡು, ಮಂಗಳವಾರ ಆರು ಜನರಿಗೆ ಅಡುಗೆ ಮಾಡಿ ಕಾದು ಕೂತಿದ್ದರು. ಗೆಸ್ಟ್ ಬಂದದ್ದು ಗುರುವಾರ. ಟ್ಯೂಸ್‌ಡೇ ಈ ವಾರ ಕಲಿಯಿರಿ, ಅದು ಗಟ್ಟಿಯಾದ ಮೇಲೆ ಥರ್ಸ್‌ಡೇ.

ವಿಡಿಯೋ ಯಾವ ದೇಶದ್ದು ಅಂತಲೂ ನೋಡಬೇಕು. ಬದನೆಕಾಯಿಗೆ ಅಮೆರಿಕದವರು ಎಗ್‌ಪ್ಲಾಂಟ್ ಅಂತಾರೆ, ಇಂಗ್ಲೆಂಡಿನವರು ಓಬರ್ಜೀನ್. ನಮ್ಮ ದೇಶದಲ್ಲಿ ಬ್ರಿಂಜಾಲ್. ಬೆಂಗಳೂರಿನ ಗೆಸ್ಟ್‌ಗೆ ಬ್ರಿಂಜಾಲ್ ಸಾಕು, ಓಬರ್ಜೀನ್ ಅಂದರೆ ಅವರೇ ಗೂಗಲ್ ಮಾಡಬೇಕಾದೀತು. ಉಚ್ಚಾರವನ್ನು ಕನ್ನಡ ಅಕ್ಷರದಲ್ಲಿ ಬರೆದು ತೋರಿಸುವ ವಿಡಿಯೋದಲ್ಲಿ ಕಣ್ಣಿಗಿಂತ ಕಿವಿಯನ್ನೇ ನಂಬಿ. ಬನಿಯನ್ ಎಂಬ ಅರ್ಥದ ಶಬ್ದವೂ ಪಶ್ಚಿಮ ಎಂಬ ಅರ್ಥದ್ದೂ ನಮ್ಮ ಲಿಪಿಯಲ್ಲಿ 'ವೆಸ್ಟ್' ಒಂದೇ. ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಎರಡನೆಯದಕ್ಕೆ ತುಟಿ ದುಂಡಗಾಗಬೇಕು. ಇದನ್ನು ಕನ್ನಡಿ ಮುಂದೆ ಮಾಡಿ ನೋಡಿ, ನಗು ಬರುತ್ತದೆ, ಬರಲಿ.

ಇನ್ನು, ಸೊನ್ನೆಯಿಂದ ಶುರು ಅಂತ ಹೆದರುವವರು ಸುಮ್ನೆ ಹೆದರುತ್ತಾರೆ. ಬಕೆಟ್, ಮಗ್, ಕುಕ್ಕರ್, ಸ್ವಿಚ್ ಎಲ್ಲ ಇಂಗ್ಲಿಷೇ ಅಲ್ವಾ? ಕೆಲವು ಮಾತ್ರ ನಮ್ಮ ಬಾಯಲ್ಲಿ ದಾರಿ ಬದಲಿಸಿವೆ. ಮಳೆಗಾಲದಲ್ಲಿ ನಮಗೆ ದಿನಾ 'ಕರೆಂಟ್' ಹೋಗುತ್ತದೆ, ಹೊರದೇಶದವರಿಗೆ ಹೋಗುವುದು 'ಪವರ್'.

ವಿಡಿಯೋದಲ್ಲಿ ಸಿಗದ ಸಾಮಾನುಗಳೂ ಇವೆ. ಮೆಟ್ಟುಗತ್ತಿಗೆ ಇಂಗ್ಲಿಷಲ್ಲಿ ಒಂದೇ ಶಬ್ದ ಹುಡುಕಿ ಸುಸ್ತಾಗಬೇಡಿ. 'ವಿ ಸಿಟ್ ಆನ್ ಇಟ್ ಆ್ಯಂಡ್ ಕಟ್' ಅಂದು, ಕೂತು ಒಂದು ಸೌತೆಕಾಯಿ ಹೆಚ್ಚಿ ತೋರಿಸಿದರೆ ಮುಗಿಯಿತು. ಅಡಿಕೆಗೆ ಬೀಟಲ್ ನಟ್ ಅನ್ನುವ ರೂಢಿ ಇದೆ, ಆದರೆ ಬೀಟಲ್ ಅಂದರೆ ವೀಳ್ಯದೆಲೆಯ ಬಳ್ಳಿ. ಅರೆಕಾ ನಟ್ ಅನ್ನಿ. ಆ ಅರೆಕಾ ಕೂಡ ಮಲಯಾಳಂನ ಅಡಕ್ಕದಿಂದ ಪೋರ್ಚುಗೀಸರ ಬಾಯಿಗೆ ಹೋಗಿ ಇಂಗ್ಲಿಷಿಗೆ ಬಂದದ್ದು, ನಮ್ಮ ಅಡಿಕೆಯ ನೆಂಟನೇ. ಇದನ್ನು ಹೇಳಿದ ದಿನ ಅಕ್ಕನ ಮುಖ ಅರಳಿತು. ಆ ಶಬ್ದವನ್ನು ಅವರು ಮತ್ತೆ ಮರೆಯಲಿಲ್ಲ.

ಮೊನ್ನೆ ಅವರೇ ಒಂದು ವಿಡಿಯೋ ಮಾಡಿ ಕಳಿಸಿದರು. ಅಂಗಳದಲ್ಲಿ ಹರವಿದ ಚಾಲಿ ಅಡಿಕೆ. 'ದಿಸ್ ಈಸ್ ಅರೆಕಾ ನಟ್. ಇಟ್ ಈಸ್ ಡ್ರೈಯಿಂಗ್. ಡೋಂಟ್ ವಾಕ್ ಹಿಯರ್, ಪ್ಲೀಸ್.' ಮೂರು ವಾಕ್ಯ, ಒಂದೂ ತಪ್ಪಿಲ್ಲ. ಹಿಂದಿನಿಂದ ಮಗ "ಆಯಿ, ಬೆರಳು ಅಡ್ಡ ಬಂತು" ಅಂತ ಕೂಗುವುದೂ ಕೇಳಿಸುತ್ತದೆ.